ಮಾಲೆ ತೆಗೆದ ಮರುದಿನ

ಸಂಕ್ರಾಂತಿ ಕಳೆದ ವಾರ ಹೊಸಹೊಳಲಿನ ಟೀ ಅಂಗಡಿ ಮುಂದೆ ನಿಂತರೆ ಪ್ರತಿ ವರ್ಷವೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಮೊನ್ನೆಮೊನ್ನೆಯವರೆಗೆ ಕಪ್ಪು ಪಂಚೆ ಉಟ್ಟು ಬರಿಗಾಲಲ್ಲಿ ಓಡಾಡುತ್ತ, ಎದುರಾದವರಿಗೆಲ್ಲ ‘ಸ್ವಾಮಿ ಶರಣಂ’ ಎನ್ನುತ್ತಿದ್ದವರು ಶಬರಿಮಲೆಯಿಂದ ಹಿಂದಿರುಗಿ ಷರಟು, ಪ್ಯಾಂಟಿನಲ್ಲಿ ಬೆಂಚಿನ ಮೇಲೆ ಕೂತಿರುತ್ತಾರೆ. ಗಡ್ಡ ಹೋಗಿ ಮುಖಕ್ಕೆ ಎಳೆತನ ಬಂದಿರುತ್ತದೆ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ಬೀಡಿ. ನಲವತ್ತೆಂಟು ದಿನ ಒಂದು ದಮ್ಮನ್ನೂ ಎಳೆಯದವರು ಮಾಲೆ ತೆಗೆದ ಮರುದಿನವೇ ಹಳೆಯ ಜಾಗಕ್ಕೆ, ಹಳೆಯ ಬೆಂಚಿಗೆ, ಹಳೆಯ ಬೀಡಿಗೆ ಬಂದು ಸೇರಿರುತ್ತಾರೆ.

ನನ್ನ ಸೋದರಮಾವ ಹೀಗೆ ಐದು ವರ್ಷ ಬಂದು ಸೇರಿದವನು. ಆರನೇ ವರ್ಷ ಸೇರಲಿಲ್ಲ. ಯಾಕೆ ಸೇರಲಿಲ್ಲ ಎನ್ನುವುದನ್ನು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮಾವ ಬೀಡಿ ಹಿಡಿದದ್ದು ಹದಿನಾಲ್ಕನೇ ವಯಸ್ಸಿಗೆ, ಆಲೆಮನೆಯಲ್ಲಿ. ಕೃಷ್ಣರಾಜಪೇಟೆ ಸೀಮೆಯ ಆಲೆಮನೆ ಕಂಡವರಿಗೆ ಅದು ಹೇಗೆ ಅಂಟುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಗಾಣ ಶುರುವಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯಬೇಕು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಬೀಳುತ್ತಲೇ ಇರಬೇಕು. ನಿದ್ದೆ ಹತ್ತಿದರೆ ಪಾಕ ಸೀದುಹೋಗುತ್ತದೆ. ನಿದ್ದೆ ಓಡಿಸಲು ದೊಡ್ಡವರು ಸೇದುತ್ತಾರೆ, ಒಲೆಗೆ ಸಿಪ್ಪೆ ನೂಕುವ ಹುಡುಗ ಅವರಿಗೆ ಬೀಡಿ ಹೊತ್ತಿಸಿಕೊಡುತ್ತಾನೆ. ಹೊತ್ತಿಸಿಕೊಡುವವನು ಎಷ್ಟು ದಿನ ಬರೀ ಹೊತ್ತಿಸಿಕೊಟ್ಟಾನು? ಹೀಗೆ ಮಾವ ಮೂವತ್ತೆಂಟು ವರ್ಷ ಸೇದಿದ. ದಿನಕ್ಕೆ ಒಂದು ಕಟ್ಟು. ನಾನು ಚಿಕ್ಕವನಿದ್ದಾಗ ಪೆಟ್ಟಿಗೆ ಅಂಗಡಿಯಿಂದ ಆ ಕಟ್ಟನ್ನು ತಂದುಕೊಡುತ್ತಿದ್ದವನು ನಾನೇ. ಚಿಲ್ಲರೆ ಉಳಿದರೆ ಪೆಪ್ಪರಮೆಂಟು ನನಗೆ. ಆ ಪೆಪ್ಪರಮೆಂಟಿನ ನೆನಪು ಈಗ ಸಿಹಿಯಾಗಿಲ್ಲ.

ಸಿಗರೇಟಿಗಿಂತ ಬೀಡಿ ಸೌಮ್ಯ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಎಲೆಯಲ್ಲಿ ಸುತ್ತಿದ್ದು, ಸಣ್ಣದು, ಅದರಲ್ಲಿ ಹೊಗೆಸೊಪ್ಪು ಕಡಿಮೆ ಎಂಬುದು ಅದಕ್ಕೆ ಆಧಾರ. ಹೊಗೆಸೊಪ್ಪು ಕಡಿಮೆ ಇರುವುದು ನಿಜ. ಆದರೆ ಬೀಡಿ ಎಲೆ ತಾನಾಗಿ ಉರಿಯುವುದಿಲ್ಲ, ಆರಿಹೋಗುತ್ತದೆ. ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ, ಜೋರಾಗಿ, ಆಳವಾಗಿ ಎಳೆಯಬೇಕು. ಹೀಗಾಗಿ ಟಾರು, ಇಂಗಾಲದ ಮೊನಾಕ್ಸೈಡ್ ಎರಡೂ ಎದೆಗೆ ಇಳಿಯುವುದು ಕಡಿಮೆಯೇನಲ್ಲ. ಮಾವನ ಬೆಳಗಿನ ಕೆಮ್ಮು ನಮ್ಮ ಬೀದಿಗೆಲ್ಲ ಗಡಿಯಾರವಾಗಿತ್ತು.

ಅತ್ತೆ ಹೇಳದೆ ಬಿಟ್ಟವಳಲ್ಲ. ಅತ್ತಳು, ಜಗಳವಾಡಿದಳು, ಬೀಡಿ ಕಟ್ಟನ್ನು ಒಲೆಗೆ ಹಾಕಿದಳು. ತಂಬಾಕಿನ ಪೊಟ್ಟಣದ ಮೇಲೆ ಶೇ 85ರಷ್ಟು ಜಾಗದಲ್ಲಿ ಕ್ಯಾನ್ಸರಿನ ಚಿತ್ರ, ಎಚ್ಚರಿಕೆಯ ಮಾತು ಮುದ್ರಿಸಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆ ಚಿತ್ರವನ್ನೂ ಮಾವ ನೋಡಿದ. ಹೆದರಿಕೆ ಆಯಿತೆಂದು ಅವನೇ ನನ್ನ ಹತ್ತಿರ ಹೇಳಿದ್ದಾನೆ. ಹೆದರಿಕೆಯಾದಾಗ ಅವನ ಕೈ ಹೋಗುತ್ತಿದ್ದದ್ದು ಬೀಡಿಗೇ. ಸೇದುವವರನ್ನು ಹೆದರಿಸುವ ಮೊದಲು ಈ ಮಾತನ್ನು ನಾವು ಸ್ವಲ್ಪ ಯೋಚಿಸಬೇಕು. ಅಂಥ ಚಿತ್ರ ಹೊಸ ಹುಡುಗನನ್ನು ದೂರ ಇಡಬಲ್ಲದು. ಮೂವತ್ತು ವರ್ಷ ಸೇದಿದವನಿಗೆ ಭಯವೂ ಒಂದು ಬೀಡಿ ಹಚ್ಚಲು ಕಾರಣವಾಗಬಹುದು.

ಹಾಗಿದ್ದವನು ಮಾಲೆ ಹಾಕಿದ ದಿನ ಬೀಡಿ ಬಿಟ್ಟುಬಿಡುತ್ತಿದ್ದ. ಸಾವಕಾಶವಾಗಿ ಕಡಿಮೆ ಮಾಡಿದ್ದಲ್ಲ, ಔಷಧಿ ನುಂಗಿದ್ದಲ್ಲ. ಬೆಳಿಗ್ಗೆ ತಣ್ಣೀರಲ್ಲಿ ಮಿಂದು ಗುರುಸ್ವಾಮಿಯ ಕೈಯಿಂದ ತುಳಸಿಮಣಿ ಕೊರಳಿಗೆ ಬಿದ್ದ ಗಳಿಗೆಯಿಂದ ಬೀಡಿ ಇಲ್ಲ. ಮಂಡಲ ಎಂದರೆ ಕೇರಳದ ಲೆಕ್ಕದಲ್ಲಿ 41 ದಿನ, ನಮ್ಮ ಕಡೆಯವರ ಲೆಕ್ಕದಲ್ಲಿ 48. ಅಷ್ಟೂ ದಿನ ಅವನು ನಿಷ್ಠೆ ತಪ್ಪುತ್ತಿರಲಿಲ್ಲ. ನಾವೆಲ್ಲ ಇದನ್ನು ಅಯ್ಯಪ್ಪನ ಮಹಿಮೆ ಅನ್ನುತ್ತಿದ್ದೆವು. ಭಕ್ತಿಯ ಪಾಲನ್ನು ನಾನು ಕಿಂಚಿತ್ತೂ ಕಡಿಮೆ ಮಾಡಲಾರೆ. ಆದರೆ ಆ ದಿನಗಳಲ್ಲಿ ಅವನ ಸುತ್ತ ಊರು ಹೇಗೆ ನಡೆದುಕೊಳ್ಳುತ್ತಿತ್ತು ಎನ್ನುವುದನ್ನೂ ನೋಡಬೇಕು.

ಅವನ ಹೆಸರೇ ಬದಲಾಗುತ್ತಿತ್ತು. ನಿನ್ನೆ ‘ಏನ್ಲಾ’ ಅಂದವರು ಇವತ್ತು ‘ಬನ್ನಿ ಸ್ವಾಮಿ’ ಅನ್ನುತ್ತಿದ್ದರು. ಜೊತೆಗೆ ಸೇದುತ್ತಿದ್ದ ಗೆಳೆಯರು ಅವನು ಬರುವುದು ಕಂಡರೆ ಬೀಡಿಯನ್ನು ಕಾಲಡಿ ಹೊಸಕಿ ಎದ್ದು ನಿಲ್ಲುತ್ತಿದ್ದರು. ಟೀ ಅಂಗಡಿಯವನು ಅವನಿಗೆ ಬೇರೆ ಲೋಟ ತೊಳೆದಿಡುತ್ತಿದ್ದ. ಮನೆಯಲ್ಲಿ ಅತ್ತೆ ಎದುರು ಮಾತಾಡುತ್ತಿರಲಿಲ್ಲ. ನಿಕೋಟಿನ್ ನಿಂತ ಮೊದಲ ಮೂರು ದಿನ ದೇಹ ಬಹಳ ಕಾಡುತ್ತದೆ. ನಿದ್ದೆ ಬರುವುದಿಲ್ಲ, ತಲೆ ಸಿಡಿಯುತ್ತದೆ, ಸಣ್ಣದಕ್ಕೂ ರೇಗುತ್ತದೆ, ಹೊಟ್ಟೆ ಕಟ್ಟುತ್ತದೆ. ಬೇರೆ ಹೊತ್ತಿನಲ್ಲಾದರೆ ಮನೆಯವರು ‘ಇದಕ್ಕಿಂತ ನೀನು ಸೇದೋದೇ ವಾಸಿ’ ಅಂದುಬಿಡುತ್ತಿದ್ದರೇನೋ. ಮಾಲೆ ಹಾಕಿದವನ ಸಿಟ್ಟನ್ನು ಮಾತ್ರ ಮನೆ ಸೈರಿಸಿಕೊಂಡಿತು. ಸಂಜೆಯಾದರೆ ಭಜನೆ. ಬೀಡಿ ಹೆಚ್ಚು ನೆನಪಾಗುವ ಹೊತ್ತಿಗೇ ಹತ್ತು ಜನರ ನಡುವೆ ಕೂತು ಕೈ ತಾಳ ಹಾಕುತ್ತಿತ್ತು, ಬಾಯಿ ಶರಣು ಕೂಗುತ್ತಿತ್ತು.

ನಾಲ್ಕು ವಾರ ಕಳೆಯುವ ಹೊತ್ತಿಗೆ ನಿಕೋಟಿನ್ ಬಿಟ್ಟ ತೊಳಲಾಟ ಬಹುಮಟ್ಟಿಗೆ ಇಳಿದಿರುತ್ತದೆ. ಅಂದರೆ ಮಾಲೆ ತೆಗೆಯುವ ದಿನ ಅವನ ಮೈಗೆ ಬೀಡಿ ಬೇಕಾಗಿರಲಿಲ್ಲ. ಕಷ್ಟದ ದಾರಿಯೆಲ್ಲ ಹಿಂದೆ ಉಳಿದಿತ್ತು. ಆದರೂ ಐದು ಸಲ ಹಿಂದಿರುಗಿ ಹಚ್ಚಿದನಲ್ಲ, ಅದು ಅವನ ಮನಸ್ಸಿನ ದೌರ್ಬಲ್ಯ ಎಂದು ನಾವು ತೀರ್ಮಾನ ಮಾಡಿ ಕೂತಿದ್ದೆವು. ಮಾಲೆ ತೆಗೆದ ಬೆಳಿಗ್ಗೆ ಅವನನ್ನು ‘ಏನ್ಲಾ, ಬಾರ್ಲಾ, ತಗೊ ಒಂದು’ ಎಂದು ಕರೆದವರು ನಾವೇ ಎಂಬುದು ನಮ್ಮ ಲೆಕ್ಕಕ್ಕೆ ಬಂದಿರಲೇ ಇಲ್ಲ. ನಲವತ್ತೆಂಟು ದಿನ ಹತ್ತಾರು ಕೈಗಳು ಹೊತ್ತಿದ್ದನ್ನು ಒಂದೇ ಬೆಳಗಿಗೆ ಅವನೊಬ್ಬನ ತಲೆಯ ಮೇಲಿಟ್ಟು ಎಲ್ಲರೂ ದೂರ ಸರಿಯುತ್ತಿದ್ದೆವು.

ಆರನೇ ವರ್ಷ ಗುರುಸ್ವಾಮಿ ಇದನ್ನು ಗಮನಿಸಿದರು. ಎಪ್ಪತ್ತರ ಹತ್ತಿರದ ಹಿರಿಯರು, ಹೆಚ್ಚು ಓದಿದವರಲ್ಲ. ಶಬರಿಮಲೆಯಿಂದ ಬಂದ ಬೆಳಿಗ್ಗೆ ಮಾವನ ಕೊರಳಿಂದ ಮಾಲೆ ತೆಗೆಯುತ್ತ, ‘ಮಾಲೆ ತೆಗೀತಾ ಇವ್ನಿ, ಹೆಸ್ರು ತೆಗೆಯಾಕಿಲ್ಲ. ಉಗಾದಿ ಗಂಟ ನೀನು ಸ್ವಾಮೀನೇ ಕನಪ್ಪ’ ಅಂದರು. ಅಷ್ಟಕ್ಕೇ ಬಿಡದೆ ಟೀ ಅಂಗಡಿಗೆ ನಡೆದು ಬಂದು ಅಲ್ಲಿದ್ದವರಿಗೆಲ್ಲ ಹೇಳಿ ಹೋದರು: ಯಾರೂ ಅವನ ಮುಂದೆ ಬೀಡಿ ಚಾಚಬಾರದು, ಎಲ್ಲರೂ ಸ್ವಾಮಿ ಅಂತಲೇ ಕರೆಯಬೇಕು, ಕಂಡಾಗಲೆಲ್ಲ ಎಷ್ಟು ದಿನವಾಯಿತು ಅಂತ ಕೇಳಬೇಕು.

ಊರು ಈ ಮಾತನ್ನು ನಡೆಸಿಕೊಟ್ಟಿತು. ನನಗೆ ಈಗಲೂ ಆಶ್ಚರ್ಯ, ಸಂತೋಷ ಎರಡೂ ಆಗುವುದು ಇದಕ್ಕೇ. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರು, ಗದ್ದೆಗೆ ಹೊರಟವರು, ಶಾಲೆಯ ಮಕ್ಕಳು, ‘ಎಷ್ಟ್ ದಿನಾಯ್ತು ಸ್ವಾಮಿ?’ ಎನ್ನತೊಡಗಿದರು. ‘ಐವತ್ತಾರು ಕನವ್ವ.’ ‘ಅರವತ್ಮೂರು.’ ಆ ಲೆಕ್ಕ ಅವನೊಬ್ಬನದಾಗಿ ಉಳಿಯಲಿಲ್ಲ. ಒಂದು ದಿನ ಅವನು ಅರವತ್ತೆಂಟು ಅಂದಾಗ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು, ‘ಇಲ್ಲ, ಅರವತ್ತೊಂಬತ್ತು’ ಎಂದು ತಿದ್ದಿದಳು. ಅವಳು ಸರಿಯಾಗಿಯೇ ಎಣಿಸಿದ್ದಳು.

ಚಟ ಕಾಡಿದಾಗ ಏನು ಮಾಡಬೇಕು ಎಂಬುದಕ್ಕೆ ಮಾವ ತನ್ನದೇ ಒಂದು ದಾರಿ ಹುಡುಕಿಕೊಂಡ. ಸಂಜೆ ಟೀ ಅಂಗಡಿಗೆ ಹೋಗುವ ಬದಲು ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಹೋಗಿ, ಜಗತಿಯ ಮೇಲೆ ಗುಡಿಯನ್ನು ಸುತ್ತುತ್ತ ಗೋಡೆಯ ಕೆಳಸಾಲಿನ ಆನೆಗಳನ್ನು ಎಣಿಸುತ್ತಿದ್ದ. ಎಣಿಕೆ ಒಂದು ದಿನವೂ ಕೊನೆ ಮುಟ್ಟುತ್ತಿರಲಿಲ್ಲ, ಅಷ್ಟರೊಳಗೆ ಬೀಡಿಯ ಆಸೆ ಇಳಿದುಹೋಗಿರುತ್ತಿತ್ತು. ವೈದ್ಯರು ಹೇಳುವುದೂ ಇದನ್ನೇ. ಸೇದಲೇಬೇಕೆಂಬ ಆ ತೀವ್ರ ಆಸೆ ಕೆಲವೇ ನಿಮಿಷ ಇರುತ್ತದೆ, ಅಲೆಯ ಹಾಗೆ ಎದ್ದು ತಾನೇ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಿಸಲು ನೀರು ಕುಡಿಯಿರಿ, ಉಸಿರು ನಿಧಾನವಾಗಿ ಎಳೆದು ಬಿಡಿ, ಕೈಗೆ ಬೇರೆ ಕೆಲಸ ಕೊಡಿ ಎನ್ನುತ್ತಾರೆ. ಮಾವನಿಗೆ ಆನೆಗಳಿದ್ದವು. ಆನೆಯ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ, ರಾಮಾಯಣ, ಮಹಾಭಾರತ, ಮಕರ, ಹಂಸ. ಬೇಕಾದಷ್ಟು ಎಣಿಸಬಹುದಾದ ಸಾಲುಗಳು.

ಆ ಗೋಡೆಗಳನ್ನು ನೋಡುವಾಗ ನನಗೊಂದು ಯೋಚನೆ ಬರುತ್ತದೆ. ಗುಡಿ ಎದ್ದದ್ದು ಸುಮಾರು 1250ರಲ್ಲಿ, ಹೊಯ್ಸಳ ವೀರಸೋಮೇಶ್ವರನ ಕಾಲದಲ್ಲಿ. ಬಿಸಿಲಲ್ಲಿ ಕೂತು ಬಳಪದ ಕಲ್ಲನ್ನು ಇಷ್ಟು ನವುರಾಗಿ ಕೆತ್ತಿದವರು ಎಂಥ ದಣಿವು ಕಂಡಿರಬೇಕು! ಆದರೆ ಅವರಲ್ಲಿ ಒಬ್ಬನೂ ದಣಿವಾರಿಸಿಕೊಳ್ಳಲು ಹೊಗೆಸೊಪ್ಪು ಸೇದಿದವನಲ್ಲ. ಅದು ಇನ್ನೂ ಸಾಗರದಾಚೆ ಅಮೆರಿಕ ಖಂಡದಲ್ಲಿತ್ತು. ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ತೀರಕ್ಕೆ ಬಂದದ್ದು ಮುನ್ನೂರು ವರ್ಷಗಳ ಮೇಲೆ. 17ನೇ ಶತಮಾನದ ಆರಂಭದಲ್ಲಿ ಬಿಜಾಪುರದ ಆದಿಲಶಾಹಿ ದರಬಾರಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಅಲ್ಲಿ ಹೊಗೆಸೊಪ್ಪನ್ನು ಕಂಡು, ಆಗ್ರಾಕ್ಕೆ ಒಯ್ದು ಅಕ್ಬರನ ಮುಂದಿಟ್ಟ. ಅಕ್ಬರ್ ಒಂದೆರಡು ಸಲ ಎಳೆದು ನೋಡಿದಾಗ ಹಕೀಮರು ಬೇಡವೆಂದರು. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದ. ನಿಷೇಧ ನಿಲ್ಲಲಿಲ್ಲ, ಹೊಗೆ ಹಬ್ಬಿತು. ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದಿಂದ ಬಂದದ್ದೆಂದು ಬೀಡಿಯನ್ನು ಮನೆಯ ಸಂಪ್ರದಾಯದಂತೆ ಕಾಣುವವರಿದ್ದಾರೆ. ಹೊಸಹೊಳಲಿನ ಗುಡಿಯ ಕಲ್ಲಿಗಿಂತ ಅದು ಬಹಳ ಚಿಕ್ಕ ವಯಸ್ಸಿನದು.

ಎಪ್ಪತ್ತೊಂದನೇ ದಿನ ಮಾವ ಎಡವಿದ. ಅವನ ದೊಡ್ಡಪ್ಪನ ಮಗ ತೀರಿಕೊಂಡಿದ್ದ. ಮಣ್ಣು ಮುಗಿಸಿ ಹೊಲದ ಬದುವಿನ ಮೇಲೆ ಕೂತವರು ಬೀಡಿ ಹಚ್ಚಿದರು. ಯಾರೋ ಯೋಚಿಸದೆ ಚಾಚಿದರು, ಅವನೂ ಯೋಚಿಸದೆ ತೆಗೆದುಕೊಂಡ. ಅರ್ಧ ಸೇದಿದ ಮೇಲೆ ಬೆರಳು ನೋಡಿಕೊಂಡನಂತೆ. ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಇನ್ನೇನು, ಮುಗಿಯಿತು, ನನ್ನ ಹಣೆಬರಹ ಇಷ್ಟೇ ಎಂದು ಅತ್ತೆಯ ಮುಂದೆ ಅತ್ತ. ಬೀಡಿ ಬಿಡಲು ಹೊರಟವರಲ್ಲಿ ಬಹಳ ಮಂದಿ ಕೈಚೆಲ್ಲುವುದು ಇಲ್ಲೇ. ಸೇದಿದ ಒಂದು ಬೀಡಿಗಿಂತ, ಸೇದಿಬಿಟ್ಟೆನಲ್ಲ ಎಂಬ ನಾಚಿಕೆ ಅವರನ್ನು ಹೆಚ್ಚು ಕೆಡಿಸುತ್ತದೆ. ಊರು ಎಷ್ಟು ಅಕ್ಕರೆಯಿಂದ ಎಣಿಸುತ್ತದೋ ಎಣಿಕೆ ತಪ್ಪಿದಾಗ ನಾಚಿಕೆಯೂ ಅಷ್ಟೇ ದೊಡ್ಡದು. ಊರಿನ ಅಕ್ಕರೆಗಿರುವ ಅಪಾಯ ಇದು, ಮುಚ್ಚಿಡುವುದು ಬೇಡ.

ಗುರುಸ್ವಾಮಿ ಮನೆಗೇ ಬಂದರು. ಗದರಲಿಲ್ಲ, ಆಣೆ ಹಾಕಿಸಲಿಲ್ಲ. ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದು, ‘ಒಂದ್ ಮಳೆ ಕೈಕೊಟ್ರೆ ಆರಂಬ ಬುಟ್‌ಬುಡ್ತೀಯಾ?’ ಅಂದರು. ‘ಮತ್ತೆ ಒಂದರಿಂದ ಎಣಿಸ್ಬೇಡ. ಎಪ್ಪತ್ತು ದಿನ ಸೇದಿಲ್ಲ ನೀನು, ಅದನ್ನ ಯಾರೂ ಕಿತ್ಕಳಕ್ಕಾಗಾಕಿಲ್ಲ. ಇವತ್ತು ಎಪ್ಪತ್ತೊಂದು ಅನ್ನು.’ ಮಾರನೆಯ ದಿನ ಡೈರಿ ಹತ್ತಿರ ಯಾರೋ ಕೇಳಿದರು. ‘ಎಪ್ಪತ್ತೆರಡು’ ಅಂದ. ಕೇಳಿದವರಿಗೆ ನಡೆದದ್ದು ಗೊತ್ತಿತ್ತು. ಅವರು ಆ ವಿಷಯ ಎತ್ತಲಿಲ್ಲ.

ಅತ್ತೆಯೂ ದಾರಿ ಬದಲಿಸಿದ್ದಳು. ಆಲೆಮನೆಗೆ ಹೊರಡುವ ರಾತ್ರಿಗಳಲ್ಲಿ ಹುರಿದ ಕಡಲೆಕಾಯಿ ಬೀಜ, ಬೆಲ್ಲದ ಚೂರು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದಳು. ಜೇಬಿಗೆ ಹೋದ ಕೈಗೆ ಬೀಡಿ ಕಟ್ಟಿನ ಬದಲು ಆ ಗಂಟು ಸಿಗುತ್ತಿತ್ತು. ನಡುವೆ ಮಾವನಿಗೆ ಕೆಮ್ಮು ಮೊದಲಿಗಿಂತ ಜೋರಾಗಿ, ‘ಬೀಡಿ ಬಿಟ್ಮೇಲೇ ಜಾಸ್ತಿ ಆಯ್ತಲ್ಲ, ಮೈಗೆ ಒಗ್ಗಿದ್ದನ್ನ ಬುಡಬಾರ್ದು’ ಎಂದು ಬುದ್ಧಿ ಹೇಳುವವರೂ ಬಂದರು. ಹೊಗೆಯಿಂದ ಸೋತಿದ್ದ ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಚೇತರಿಸಿಕೊಂಡು, ಒಳಗೆ ಸೇರಿದ್ದ ಕಫವನ್ನು ಹೊರಕ್ಕೆ ದೂಡುವಾಗ ಕೆಲವು ವಾರ ಕೆಮ್ಮು ಹೆಚ್ಚುವುದುಂಟು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಎದೆ ಪರೀಕ್ಷಿಸಿ ಇದನ್ನು ಬಿಡಿಸಿ ಹೇಳಿದ ಮೇಲೆ ಅವನಿಗೆ ಧೈರ್ಯ ಬಂತು. ಅಂಥ ಕೆಮ್ಮು ಹೋಗದಿದ್ದರೆ, ರಕ್ತ ಕಂಡರೆ ಕೂಡಲೇ ತೋರಿಸಬೇಕು ಎಂದೂ ಹೇಳಿ ಕಳಿಸಿದರು.

ನಮ್ಮೂರಿನಲ್ಲಿ ಕಣ್ಣಾರೆ ಕಂಡದ್ದನ್ನು ಅಮೆರಿಕದ ಫ್ರಾಮಿಂಗ್ಹ್ಯಾಮ್ ಎಂಬ ಊರಿನಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಎಂಬ ಸಂಶೋಧಕರು 1971ರಿಂದ 2003ರವರೆಗಿನ 12,067 ಜನರ ದಾಖಲೆಗಳನ್ನು, ಯಾರು ಯಾರಿಗೆ ಗೆಳೆಯ, ಯಾರು ಯಾರ ಸಂಬಂಧಿ ಎಂಬುದರ ಸಮೇತ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಸಿಗರೇಟು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ಶೇ 67ರಷ್ಟು ಇಳಿಯುತ್ತಿತ್ತು. ಗೆಳೆಯ ಬಿಟ್ಟರೆ ಶೇ 36, ಒಡಹುಟ್ಟಿದವರು ಬಿಟ್ಟರೆ ಶೇ 25, ಸಣ್ಣ ಕಚೇರಿಯಲ್ಲಿ ಜೊತೆ ಕೆಲಸ ಮಾಡುವವರು ಬಿಟ್ಟರೆ ಶೇ 34. ಜನ ಒಬ್ಬೊಬ್ಬರಾಗಿ ಬಿಟ್ಟಿರಲಿಲ್ಲ, ಗುಂಪುಗುಂಪಾಗಿ ಬಿಟ್ಟಿದ್ದರು. ಉಳಿದು ಸೇದುತ್ತಿದ್ದವರು ಬರಬರುತ್ತ ಬಳಗದ ಅಂಚಿಗೆ ಸರಿದಿದ್ದರು. ನಮ್ಮ ಹಳ್ಳಿಗಳಲ್ಲಿ ಸೇದುವವನು ಇನ್ನೂ ಅಂಚಿಗೆ ಸರಿದಿಲ್ಲ. ಅರಳಿಕಟ್ಟೆಯ ನಡುಮಧ್ಯದಲ್ಲೇ ಕೂತಿದ್ದಾನೆ, ಮಾತುಕತೆಯೆಲ್ಲ ಅವನ ಸುತ್ತಲೇ. ಬಿಟ್ಟವನು ಕಟ್ಟೆಯನ್ನೇ ಬಿಡಬೇಕಾಗುತ್ತದೆ. ಬೀಡಿಗಿಂತ ಕಟ್ಟೆಯನ್ನು ಬಿಡುವುದು ಕಷ್ಟ. ಅದಕ್ಕೇ ಕಟ್ಟೆಯವರೇ ಮನಸ್ಸು ಮಾಡಬೇಕಾದದ್ದು.

ಕರ್ನಾಟಕದಲ್ಲಿ ಈ ಕೆಲಸವನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು. 1970ರ ದಶಕದಲ್ಲಿ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಮನೆಮನೆ ತಿರುಗಲು ಹೊರಟರು. ಕಾಳು, ಕಾಸು ಬೇಡಲಿಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಅದು ‘ಮಹಾಂತ ಜೋಳಿಗೆ’ ಎಂದೇ ಹೆಸರಾಯಿತು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನನಗೆ ಆ ಜೋಳಿಗೆಯಲ್ಲಿ ದೊಡ್ಡದಾಗಿ ಕಾಣುವುದು ಬೇಡಿದ ರೀತಿ. ಗುರುವಾದವರು ಆಜ್ಞೆ ಮಾಡಬಹುದಿತ್ತು. ಅವರು ಭಿಕ್ಷುಕರಾಗಿ ಬಾಗಿಲಲ್ಲಿ ನಿಂತರು. ಬೀಡಿ ಕಟ್ಟು ಹಾಕಿದವನು ತಾನು ಏನನ್ನೋ ಕಳೆದುಕೊಂಡೆ ಅಂದುಕೊಳ್ಳುವ ಬದಲು ಕೊಟ್ಟೆ ಅಂದುಕೊಂಡ. ನಮ್ಮ ಜನಕ್ಕೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮಹಾ ನಾಚಿಕೆಯ ಕೆಲಸ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮ ಜಿಲ್ಲೆಗೂ ಪರಿಚಿತ. ಅಲ್ಲಿಯೂ ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರದೇ ನವಜೀವನ ಸಮಿತಿ ಕಟ್ಟಿ, ಅವರು ಸೇರುತ್ತಿರುವಂತೆ ಮಾಡುತ್ತಾರೆ. ಬಿಡಿಸುವುದರಷ್ಟೇ, ಬಿಟ್ಟವನ ಜೊತೆಗಿರುವುದೂ ಕೆಲಸವೆಂದು ಅವರು ಅರಿತಿದ್ದಾರೆ. ಹೆಂಡಕ್ಕೆ ಇರುವ ಈ ಏರ್ಪಾಡು ಬೀಡಿಗೆ ಹಳ್ಳಿಗಳಲ್ಲಿ ಇಲ್ಲ. ಹೆಂಡದ ಹಾಗೆ ಬೀಡಿ ಬೀದಿಯಲ್ಲಿ ಮರ್ಯಾದೆ ಕಳೆಯುವುದಿಲ್ಲ, ಸಂಬಳವನ್ನೆಲ್ಲ ಒಂದೇ ರಾತ್ರಿ ನುಂಗುವುದಿಲ್ಲ. ಸದ್ದಿಲ್ಲದೆ ಕೊಲ್ಲುವುದರಿಂದ ಅದರ ಮೇಲೆ ಯಾರಿಗೂ ಸಿಟ್ಟಿಲ್ಲ.

ಸರ್ಕಾರದ ಕಡೆಯಿಂದ ಏನೂ ನಡೆದಿಲ್ಲ ಎನ್ನಲಾಗದು. ಸಾರ್ವಜನಿಕ ಸ್ಥಳದಲ್ಲಿ ಸೇದುವುದು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷಿದ್ಧ. ಇನ್ನೂರು ರೂಪಾಯಿಯಿದ್ದ ದಂಡವನ್ನು ಕರ್ನಾಟಕ 2025ರಲ್ಲಿ ಸಾವಿರಕ್ಕೆ ಏರಿಸಿತು, ತಂಬಾಕು ಕೊಳ್ಳಬಹುದಾದ ವಯಸ್ಸನ್ನು 18ರಿಂದ 21ಕ್ಕೆ ಒಯ್ದಿತು. 2016-17ರ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು ಶೇ 22.8. ಅದಕ್ಕೆ ಏಳು ವರ್ಷ ಹಿಂದೆ ಶೇ 28.2 ಇದ್ದರು. ಇಳಿದದ್ದು ಸಮಾಧಾನ. ಆದರೂ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ದಂಡದ ಭಯ ಬಸ್ ನಿಲ್ದಾಣವನ್ನು ಶುಚಿಯಾಗಿಡಬಹುದು, ಇಡಲಿ. ನಡುರಾತ್ರಿ ಕೊಪ್ಪರಿಗೆ ಮುಂದೆ ಒಬ್ಬನೇ ಕೂತವನಿಗೆ ದಂಡದಿಂದ ಏನೂ ಆಗದು.

ಅವನಿಗೆ ಬೇಕಾದ ಒಂದು ದನಿ ಫೋನಿನಲ್ಲಿದೆ. 1800-11-2356. ಉಚಿತ ಕರೆ, ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬಿಡುವ ದಿನವನ್ನು ಗೊತ್ತುಮಾಡಿಸಿ, ಆಮೇಲೆ ಅವರೇ ಮರಳಿ ಕರೆ ಮಾಡಿ ವಿಚಾರಿಸುತ್ತಾರೆ. 2018ರ ಸೆಪ್ಟೆಂಬರಿನಿಂದ ಈ ಸಂಖ್ಯೆ ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗುತ್ತಿದೆ. ಆದರೆ ಪೆಟ್ಟಿಗೆ ಅಂಗಡಿಯಲ್ಲಿ ಒಂದು, ಎರಡು ಅಂತ ಬೀಡಿ, ಸಿಗರೇಟು ಕೊಳ್ಳುವವನ ಕೈಗೆ ಪೊಟ್ಟಣ ಬರುವುದೇ ಇಲ್ಲ. ಒಂದೊಂದಾಗಿ ಮಾರುವುದನ್ನು ರಾಜ್ಯ ನಿಷೇಧಿಸಿರುವುದಕ್ಕೆ ಇದೂ ಒಂದು ನ್ಯಾಯ. ನಿಷೇಧ ನಮ್ಮ ಅಂಗಡಿಗಳಿಗೆ ಇಳಿದಿಲ್ಲವಾದ್ದರಿಂದ ಆ ಸಂಖ್ಯೆಯನ್ನು ಇಲ್ಲಿ ಬರೆದಿದ್ದೇನೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಸಲಹಾ ಕೇಂದ್ರಗಳೂ ಇವೆ. ಮೈ ತೀರಾ ಕಾಡಿದರೆ ನಿಕೋಟಿನ್ ಚೂಯಿಂಗ್ ಗಮ್ ಇದೆ, ಮಾತ್ರೆಗಳಿವೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ತೆಗೆದುಕೊಂಡರೆ ಅದು ಸೋಲೂ ಅಲ್ಲ.

ಮಾವ ಬಿಟ್ಟಾಗ ಅವನಿಗೆ ಐವತ್ತೆರಡು. ‘ಸುಟ್ಟೋಗಿರೋ ಎದೆ, ಈಗ ಬುಟ್ಟು ಏನ್ ಬಂತು’ ಎಂದು ಅವನೇ ಹಿಂದೆಲ್ಲ ಹೇಳುತ್ತಿದ್ದ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ 1951ರಲ್ಲಿ ಶುರುಮಾಡಿ ಐವತ್ತು ವರ್ಷ ಸಾವಿರಾರು ವೈದ್ಯರನ್ನೇ ಬೆನ್ನುಹತ್ತಿ ಕಂಡುಕೊಂಡ ಲೆಕ್ಕವೊಂದಿದೆ. ಸೇದುತ್ತಲೇ ಹೋಗುವವರು ಸರಾಸರಿ ಹತ್ತು ವರ್ಷ ಬೇಗ ಸಾಯುತ್ತಾರೆ. ಮೂವತ್ತರಲ್ಲಿ ಬಿಟ್ಟರೆ ಆ ಹತ್ತೂ ಹೆಚ್ಚುಕಡಿಮೆ ಪೂರ್ತಿ ಮರಳಿ ಸಿಗುತ್ತವೆ, ನಲವತ್ತರಲ್ಲಿ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟರೂ ಮೂರು. ಇದನ್ನು ಅವನಿಗೆ ಓದಿ ಹೇಳಿದೆ. ‘ಆರು ವರ್ಸ ಅಂದ್ರೆ ಆರು ಬೆಳೆ ಕಬ್ಬು ಕಲಾ ಅಳಿಯಾ’ ಅಂದ. ಆ ದಿನ ಅವನ ದನಿಯಲ್ಲಿದ್ದ ಬೆಳಕು ನನಗೆ ಮರೆಯುವುದಿಲ್ಲ.

ನಮ್ಮ ಊರುಗಳ ಗುರುಸ್ವಾಮಿಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಹಳ್ಳಿಹಳ್ಳಿಯಲ್ಲೂ ಬೀಡಿ ಬಿಟ್ಟ ಗಂಡಸರು ನಿಮ್ಮ ಕೈಯಲ್ಲಿರುತ್ತಾರೆ. ಯಾವ ಆಸ್ಪತ್ರೆಗೂ ಇಷ್ಟು ಜನ, ಇಷ್ಟು ಶ್ರದ್ಧೆಯಿಂದ, ತಾವಾಗಿ ಬರುವುದಿಲ್ಲ. ಇರುಮುಡಿ ಇಳಿಸಿದ ಮೇಲೆ ಭಜನೆಯನ್ನು ನಿಲ್ಲಿಸಬೇಡಿ. ವಾರಕ್ಕೊಮ್ಮೆ ಶನಿವಾರವಾದರೂ ಯುಗಾದಿಯವರೆಗೆ ಅವರನ್ನು ಕೂರಿಸಿಕೊಳ್ಳಿ, ದಿನ ಎಷ್ಟಾಯಿತೆಂದು ಕೇಳಿ. ಎಡವಿದವನು ಇದ್ದರೆ ಅವನ ಮನೆಗೆ ಹೋಗಿ ಜಗಲಿಯಲ್ಲಿ ಕೂತು ನೀರು ಕುಡಿದು ಬನ್ನಿ.

ಮಾವ ಈಗ ದಿನ ಎಣಿಸುವುದಿಲ್ಲ, ವರ್ಷ ನಾಲ್ಕಾದವು. ಈ ಸಲ ಟ್ರ್ಯಾಕ್ಟರ್ ಓಡಿಸುವ ಹುಡುಗನೊಬ್ಬ ಮೊದಲ ಸಲ ಮಾಲೆ ಹಾಕಿ ಕನ್ನಿಸ್ವಾಮಿಯಾಗಿ ಹೋಗಿಬಂದ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮಾವನ ಫೋನು ಬಡಿದುಕೊಂಡಿತು. ಆ ಹುಡುಗ ಆಲೆಮನೆಯಿಂದ ಮಾಡಿದ್ದು. ಮಾವ ಎಂಜಲು ಕೈಯನ್ನು ಹಾಗೇ ಬಿಟ್ಟು, ಎಡಗೈಯಲ್ಲಿ ಫೋನು ಹಿಡಿದು, ‘ಯೋಳಪ್ಪ ಸ್ವಾಮಿ, ಇವತ್ತಿಗೆ ಎಷ್ಟು?’ ಅಂದ. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲೇ ಇರು, ಬತ್ತೀನಿ’ ಎಂದು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ. ಅತ್ತೆ ಏನೂ ಕೇಳದೆ ಒಳಗೆ ಹೋಗಿ ಕಡಲೆಕಾಯಿ ಬೀಜದ ಗಂಟು ತಂದು ಅವನ ಜೇಬಿಗೆ ಹಾಕಿದಳು.